ಗೋಧಿ, ನೀರು, ಬೇರೇನೂ ಇಲ್ಲ

ಫೆಬ್ರವರಿ ೩, ಸೋಮವಾರ

ಪೋಪ್ ನಮ್ಮ ದೇಶಕ್ಕೆ ಬರುತ್ತಾರೆ ಎಂಬ ಸುದ್ದಿ ಬಂದು ವಾರವಾದರೂ ನಮ್ಮ ಬೀದಿಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿಲ್ಲ. ಅವತ್ತು ಫಾದರ್ ಚರ್ಚಿನ ಗಂಟೆಯನ್ನು ತಾವೇ ಬಾರಿಸಿದರು. ಗಂಟೆ ಬಾರಿಸುವವನು ಕೈಕಟ್ಟಿ ನಿಂತು ನೋಡುತ್ತಿದ್ದ. ಬಾರಿಸಿ ಬಾರಿಸಿ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಆಶೀರ್ವಾದ ಮಾಡುವಾಗ ಇನ್ನೂ ಕಾಣಿಸುತ್ತದೆ. ಪಕ್ಕದ ಮನೆಯ ದರ್ಜಿ ಅಕ್ಕ ಯಾರದೋ ಮದುವೆಯ ಬಟ್ಟೆಯನ್ನು ಮೂಲೆಗೆ ತಳ್ಳಿ ಹಳದಿ ಬಿಳಿ ಬಾವುಟ ಹೊಲಿಯುತ್ತ ಕೂತಿದ್ದಾಳೆ. ಕೇಳಿದವರಿಗೆ, "ಮದುವೆ ಆಮೇಲೂ ಆಗುತ್ತೆ, ಪೋಪ್ ಆಮೇಲೆ ಬರ್ತಾರಾ?" ಎನ್ನುತ್ತಾಳೆ.

ಅಜ್ಜಿಯದು ಬೇರೆಯೇ ಚಿಂತೆ. "ಪೋಪ್‌ನ ನೋಡದೆ ಸಾಯಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಅವರು ಇಲ್ಲಿಗೆಲ್ಲ ಬರಲ್ಲ ಅನ್ನೋ ಧೈರ್ಯದ ಮೇಲೆ ಹೇಳಿದ್ದು. ಈಗ ನೋಡಿದ್ಮೇಲೆ ಏನ್ ಮಾಡ್ಲಿ ಹೇಳು?" ಎಂದು ನನ್ನನ್ನೇ ಕೇಳುತ್ತಾಳೆ.

ಇವತ್ತು ನಾನು ಕೆಲಸ ಮಾಡುವ ಕಾನ್ವೆಂಟಿನ ಬಿಲ್ಲೆ ಕೋಣೆಗೂ, ಪೂಜೆಯ ಪ್ರಸಾದಕ್ಕೆ ಗೋಧಿಯ ತೆಳು ಬಿಲ್ಲೆ ತಯಾರಿಸುವ ಕೋಣೆಗೂ, ಸುದ್ದಿ ಬಂತು. ದೊಡ್ಡ ಮೈದಾನದಲ್ಲಿ ಪೋಪ್ ಅರ್ಪಿಸುವ ಬಲಿಪೂಜೆಗೆ ಬೇಕಾದ ಬಿಲ್ಲೆಗಳಲ್ಲಿ, ನಮ್ಮ ಕಡೆಯ ಜನ ಕೂರುವ ಭಾಗದ್ದೆಲ್ಲ ನಮ್ಮ ಕಾನ್ವೆಂಟಿನಿಂದಲೇ ಹೋಗಬೇಕಂತೆ. ಕೋಣೆ ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಅದನ್ನು ಹೇಳಿದಾಗ ನಾನು ಬಾಯಿ ಬಿಟ್ಟು ನಿಂತಿದ್ದೆ.

"ಏನೇ ಪಿಸುಮಾತು, ಬಾಯಿ ತೆಗೆದಿದ್ದೀಯ. ಮಾತು ಬರುತ್ತೋ, ನೊಣ ಹೋಗುತ್ತೋ?" ಎಂದರು.

ಪಿಸುಮಾತು ಎಂದರೆ ನಾನು. ನನ್ನ ಧ್ವನಿ ನನ್ನ ಕಿವಿಯನ್ನೇ ದಾಟುವುದಿಲ್ಲ ಎಂದು ಅವರು ಇಟ್ಟ ಹೆಸರು. ಮಾತು ಬರಲಿಲ್ಲ. ನೊಣವೂ ಹೋಗಲಿಲ್ಲ. ಆದರೆ ಸಂತೋಷ ಎಷ್ಟಾಯಿತೆಂದರೆ ಮನೆಗೆ ಬರುವಾಗ ನಮ್ಮ ಬಾಗಿಲು ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಫೆಬ್ರವರಿ ೫, ಬುಧವಾರ

ಬಿಲ್ಲೆ ಕೋಣೆ ನೋಡಲು ಚರ್ಚಿನ ಹೆಂಗಸರು ದಂಡು ಕಟ್ಟಿ ಬಂದರು. ಇಷ್ಟು ವರ್ಷ ಈ ಬಾಗಿಲ ಮುಂದೆಯೇ ಓಡಾಡಿದವರು. ಈಗ ಒಳಗೆ ಬಂದು ಕಾವಲಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಬ್ಬಾಕೆ ಬಿಸಿ ಕಾವಲಿ ಮುಟ್ಟಿ ಬೆರಳು ಸುಟ್ಟುಕೊಂಡು, ಅದನ್ನೂ ಪುಣ್ಯ ಎಂದಳು.

ದೊಡ್ಡ ಸಿಸ್ಟರ್ ಎಲ್ಲ ವಿವರಿಸಿದರು. ಹಿಟ್ಟನ್ನು ತಣ್ಣೀರಲ್ಲಿ ತೆಳ್ಳಗೆ ಕಲಸುವುದು. ಕಾದ ಜೋಡಿ ಕಾವಲಿಯ ನಡುವೆ ಹೊಯ್ದು ಮುಚ್ಚುವುದು. ಕಾಗದದಂಥ ಹಾಳೆ ಬರುತ್ತದೆ. ಅದು ಗರಿಗರಿ ಇರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ ಎಂದು ತೇವದ ಕೋಣೆಯಲ್ಲಿ ಇಟ್ಟು ಮೆದು ಮಾಡುವುದು. ಆಮೇಲೆ ದುಂಡಗೆ ಕತ್ತರಿಸಿ, ಜರಡಿ ಆಡಿಸಿ, ಮುರಿದದ್ದನ್ನು ತೆಗೆದು ಡಬ್ಬಿಗೆ ತುಂಬುವುದು. "ಪೂಜೆಯಲ್ಲಿ ಗುರುಗಳು ಕೈಗೆ ತಗೊಂಡು ಪವಿತ್ರ ಮಾಡೋ ತನಕ ಇದು ಬರೀ ಬಿಲ್ಲೆ. ಆಮೇಲೆ ಪರಮಪ್ರಸಾದ. ಕ್ರಿಸ್ತನ ಶರೀರ."

"ಹಿಟ್ಟಿಗೆ ಏನೇನು ಹಾಕ್ತೀರಿ ಸಿಸ್ಟರ್?" ದರ್ಜಿ ಅಕ್ಕ ಕೇಳಿದಳು.

"ಗೋಧಿ, ನೀರು. ಬೇರೇನೂ ಇಲ್ಲ."

"ಉಪ್ಪು?"

"ಇಲ್ಲ."

"ಒಂದೇ ಒಂದು ಚಿಟಿಕೆ ಸಕ್ಕರೆ?"

"ಇದೇನು ನಿನ್ನ ಗಂಡನಿಗೆ ಮಾಡೋ ಚಹಾನಾ?"

ಎಲ್ಲರೂ ನಕ್ಕರು. ದೊಡ್ಡ ಸಿಸ್ಟರ್ ಮುಖದಲ್ಲಿ ಹೊಸ ಹೊಳಪು. ಕಾಣಿಕೆಯ ಮೆರವಣಿಗೆಯಲ್ಲಿ ಬಿಲ್ಲೆಯ ತಟ್ಟೆ ಹಿಡಿದು ಹೋಗಿ ಪೋಪ್ ಕೈಗೆ ಕೊಡಲು ಅವರನ್ನೇ ಆರಿಸಿದ್ದಾರೆ. ಅವರಿಗೆ ಒಂದೇ ಯೋಚನೆ, ಚಪ್ಪಲಿ ಚರಚರ ಅನ್ನುತ್ತದೆ. ಹೊಸ ಚಪ್ಪಲಿ ಕೇಳಲು ನಾಚಿಕೆ. ನನ್ನಂಥವರಿಗೆ ಮಾತ್ರ ನಾಚಿಕೆ ಇರುತ್ತದೆ ಅಂದುಕೊಂಡಿದ್ದೆ.

ಫೆಬ್ರವರಿ ೮, ಶನಿವಾರ

ದೊಡ್ಡ ಸಿಸ್ಟರ್ ಮೆರವಣಿಗೆಯ ಅಭ್ಯಾಸಕ್ಕೆಂದು ಬಿಷಪ್ ಅವರ ಮನೆಗೆ ಹೋಗಿದ್ದಾರೆ. ಮಂಗಳವಾರ ಬರುತ್ತಾರೆ. ಅಲ್ಲಿಯವರೆಗೆ ಬಿಲ್ಲೆ ಕೋಣೆ ನನ್ನದು. "ಏನಾದ್ರೂ ಬೇಕಾದ್ರೆ ಮದರ್‌ನ ಕೇಳು" ಎಂದು ಹೇಳಿ ಹೋದರು. ಮದರ್ ಅಂದರೆ ಇಡೀ ಕಾನ್ವೆಂಟಿಗೆ ಹಿರಿಯರು. ಅವರ ಜೊತೆ ನಾನು ಈವರೆಗೆ ಆಡಿದ ಮಾತು, "ಹೌದು ಮದರ್."

ಹೊಸ ಮೂಟೆ ಬಿಚ್ಚಿದೆ. ಹಿಟ್ಟು ಯಾಕೋ ಸರಿಯಿಲ್ಲ. ಹಾಳೆ ಕಾವಲಿಗೆ ಅಂಟುತ್ತದೆ. ಜೇನುಮೇಣದ ಬಟ್ಟೆಯಲ್ಲಿ ಒರೆಸಿದೆ, ಉರಿ ಕಡಿಮೆ ಮಾಡಿದೆ, ನೀರು ಹೆಚ್ಚು ಮಾಡಿದೆ. ಏನೂ ಆಗಲಿಲ್ಲ. ಚಾಕುವಿನಲ್ಲಿ ಕೆರೆದು ಕೆರೆದು ಬೆಳಗೆಲ್ಲ ಹೋಯಿತು. ಬುಟ್ಟಿಯ ತುಂಬ ಚೂರು.

ಮದರ್ ಕೋಣೆಯ ಹತ್ತಿರ ಹೋದೆ. ಏನು ಹೇಳಬೇಕು ಎಂದು ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತಟ್ಟಲು ಕೈ ಎತ್ತಿದೆ. ಒಳಗೆ ಯಾರೋ ನಗುತ್ತಿದ್ದರು. ಕೈ ಇಳಿಸಿ ವಾಪಸ್ ಬಂದೆ.

ಅಡಿಗೆಮನೆಯಲ್ಲಿ ಬಿಸ್ಕತ್ತು ಒಡೆಯಬಾರದು, ತಟ್ಟೆಗೆ ಅಂಟಬಾರದು ಎಂದು ಮೆಕ್ಕೆಜೋಳದ ಹಿಟ್ಟು ಬೆರೆಸುವುದನ್ನು ನೋಡಿದ್ದೆ. ಡಬ್ಬದಿಂದ ಒಂದು ಬಟ್ಟಲು ತಂದೆ. ಬಕೆಟ್ಟಿಗೆ ಹಾಕಿ ಕಲಸಿದೆ. ಹಾಳೆ ತಾನಾಗಿಯೇ ಎದ್ದು ಬಂತು. ಎಷ್ಟು ನಯ, ಎಷ್ಟು ಬಿಳಿ!

ಗೋಧಿ, ನೀರು, ಬೇರೇನೂ ಇಲ್ಲ ಎಂಬ ಮಾತು ನೆನಪಾಗಲಿಲ್ಲ ಎಂದು ಬರೆಯಬಹುದು. ನೆನಪಾಗಿತ್ತು. ಉಪ್ಪು ಸಕ್ಕರೆಯಂತೆ ರುಚಿಗೆ ಹಾಕಬಾರದು ಎಂದಿರಬೇಕು, ಇದು ಅಂಟದಿರಲು ತಾನೇ ಅಂದುಕೊಂಡೆ.

ಫೆಬ್ರವರಿ ೧೧, ಮಂಗಳವಾರ

ದೊಡ್ಡ ಸಿಸ್ಟರ್ ಬಂದರು. ಕಳಿಸಬೇಕಾದ ಡಬ್ಬಿಗಳೆಲ್ಲ ತುಂಬಿದ್ದವು. ಒಂದನ್ನು ತೆರೆದು ಬಿಲ್ಲೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು.

"ಕನ್ನಡಿ ಥರ ಇದೆಯಲ್ಲೇ! ನಾನು ಜೀವಮಾನದಲ್ಲಿ ಇಷ್ಟು ಚೆನ್ನಾಗಿ ತೆಗೆದಿಲ್ಲ. ಪಿಸುಮಾತು, ನೀನು ನನ್ನ ಹೊಟ್ಟೆಗೆ ಕಲ್ಲು ಹಾಕಿದೆ ನೋಡು" ಎಂದು ನಕ್ಕು ತಲೆ ಸವರಿದರು. ಅಡಿಗೆಯವರನ್ನೂ ಕರೆದು ತೋರಿಸಿದರು.

ಆಗಲೇ ಹೇಳಬೇಕಿತ್ತು. ಇಷ್ಟು ಹೊಗಳಿದ ಮೇಲೆ ಹೇಗೆ ಹೇಳುವುದು? ನಾಳೆ ಹೇಳುತ್ತೇನೆ.

ಫೆಬ್ರವರಿ ೧೩, ಗುರುವಾರ

ನಿನ್ನೆ ಹೇಳಲಿಲ್ಲ.

ಸಂಜೆ ಚರ್ಚಿನಲ್ಲಿ ಬಲಿಪೂಜೆಗೆ ಸಿದ್ಧರಾಗುವ ಪಾಠ ಇತ್ತು. ಫಾದರ್‌ಗೆ ಹೊಸ ಮೈಕ್ ಬಂದಿದೆ. ಮುಂದಿನ ಬೆಂಚಿನವರಿಗೆ ಹೇಳುವುದನ್ನೂ ಬೀದಿಯ ಕೊನೆಗೆ ಕೇಳುವಂತೆ ಹೇಳುತ್ತಾರೆ. ಪರಮಪ್ರಸಾದಕ್ಕೆ ಯಾಕೆ ಗೋಧಿಯೇ ಆಗಬೇಕು, ಯೇಸುಸ್ವಾಮಿ ಕೊನೆಯ ಊಟದಲ್ಲಿ ಏನನ್ನು ಕೈಗೆ ತೆಗೆದುಕೊಂಡರು ಎಂದೆಲ್ಲ ಹೇಳಿದರು.

"ಬೇರೆ ಹಿಟ್ಟು ಬೆರೆಸಿದ್ರೆ ಏನಾಗುತ್ತೆ ಫಾದರ್?" ಎಂದು ಯಾರೋ ಕೇಳಿದರು. ಸುಮ್ಮನೆ ಕೇಳಿದ್ದು.

"ಏನಾಗುತ್ತೆ? ಪೋಪ್ ಎತ್ತಿ ಹಿಡಿದ್ರೂ ಅದು ಪ್ರಸಾದ ಆಗಲ್ಲ. ತಿಂಡಿ ಆಗುತ್ತೆ. ನಾಲ್ಕು ಗಂಟೆ ಚಹಾ ಜೊತೆ ತಿನ್ನಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಪಕ್ಕದಲ್ಲಿದ್ದ ಅಜ್ಜಿ ನಕ್ಕು ನಕ್ಕು ನನ್ನ ತೊಡೆಗೆ ಹೊಡೆದಳು. ನಾನೂ ನಗಬೇಕಾಯಿತು. ನಕ್ಕೆ. ಆ ನಗು ಇನ್ನೂ ನನ್ನ ಮುಖಕ್ಕೆ ಅಂಟಿಕೊಂಡ ಹಾಗಿದೆ. ತೊಳೆದರೂ ಹೋಗುತ್ತಿಲ್ಲ.

ಫೆಬ್ರವರಿ ೧೫, ಶನಿವಾರ

ಅಜ್ಜಿ ಬಾಯಿ ತೆರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗೆ ಕೈಗೆ ತೆಗೆದುಕೊಂಡು ರೂಢಿಯಿಲ್ಲ, ನಾಲಿಗೆಯ ಮೇಲೆಯೇ ಬೇಕು. ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ, "ಸರಿಯಾಗಿದೆಯಾ? ಡಾಕ್ಟರ್‌ಗೆ ತೋರಿಸಿದ ಹಾಗೆ ಕಾಣಲ್ಲ ತಾನೇ?" ಎಂದು ಕೇಳಿದಳು. ದರ್ಜಿ ಅಕ್ಕ ಕಿಟಕಿಯಿಂದಲೇ, "ಅಷ್ಟು ಉದ್ದ ಚಾಚಬೇಡಿ ಅಜ್ಜಿ, ಗುರುಗಳು ಹೆದರಿ ಓಡಿಹೋಗ್ತಾರೆ" ಎಂದಳು.

ಆಮೇಲೆ ಅಜ್ಜಿ ಹಾಸಿಗೆಯ ಮೇಲೆ ಕೂತು ನನ್ನನ್ನು ಹತ್ತಿರ ಕರೆದಳು.

"ಆವತ್ತಿನ ಪ್ರಸಾದ ನಿನ್ನ ಅಮ್ಮನ ಹೆಸರಲ್ಲಿ ತಗೋತೀನಿ. ಅವಳು ಸಾಯೋವಾಗ ಗುರುಗಳು ಬರೋದು ತಡ ಆಯ್ತು. ಬಾಯಿಗೆ ಪ್ರಸಾದ ಬೀಳ್ಲಿಲ್ಲ. ಅದೊಂದು ನನ್ನ ಗಂಟಲಲ್ಲಿ ಹಾಗೇ ಕೂತಿದೆ. ಪೋಪ್ ಪೂಜೆಯ ಪ್ರಸಾದ ಅವಳ ಹೆಸರಿಗೆ ಒಪ್ಪಿಸಿಬಿಟ್ರೆ ನನ್ನ ಕೆಲಸ ಮುಗೀತು."

ನಾನು ನೀರು ತರುತ್ತೇನೆ ಎಂದು ಎದ್ದುಹೋದೆ. ನಮ್ಮ ಕಡೆಯ ಜನರಿಗೆ ನಮ್ಮ ಡಬ್ಬಿಗಳೇ ಬರುವುದು. ಅಜ್ಜಿಯ ನಾಲಿಗೆಯ ಮೇಲೆ ನಾನು ಕಲಸಿದ ತಿಂಡಿ ಬೀಳುತ್ತದೆ. ಅವಳು ಅದನ್ನು ಅಮ್ಮನಿಗೆ ಕಳಿಸುತ್ತಾಳೆ.

ಫೆಬ್ರವರಿ ೧೭, ಸೋಮವಾರ

ಪಾಪನಿವೇದನೆಗೆ ಹೋದೆ. ಸಾಲು ಚರ್ಚಿನ ಬಾಗಿಲು ದಾಟಿತ್ತು. ಇಡೀ ಊರು ಪೋಪ್ ಬರುವ ಮುಂಚೆ ತೊಳೆದುಕೊಳ್ಳಲು ನಿಂತಂತಿತ್ತು. ಒಳಗೆ ಹೋದವರು ಹಗುರಾಗಿ ಹೊರಗೆ ಬರುತ್ತಿದ್ದರು. ನನ್ನ ಸರದಿ ಬಂತು. ಮಂಡಿಯೂರಿದೆ. ಜಾಲರಿಯ ಆಚೆ ಫಾದರ್ ಕಿವಿ ಕೊಟ್ಟು ಕೂತಿದ್ದರು.

"ನನಗೆ ಬೇಗ ಕೋಪ ಬರುತ್ತೆ ಫಾದರ್" ಎಂದೆ.

ನನಗೆ ಕೋಪವೇ ಬರುವುದಿಲ್ಲ. ಅವರು ಮೂರು ಜಪ ಹೇಳಲು ಹೇಳಿದರು. ಹೇಳಿದೆ. ಈಗ ಹಿಟ್ಟಿನ ಪಾಪದ ಮೇಲೆ ಸುಳ್ಳಿನ ಪಾಪ.

ಫೆಬ್ರವರಿ ೧೮, ಮಂಗಳವಾರ

ಇವತ್ತೂ ಹೇಳಲಿಲ್ಲ. ಡಬ್ಬಿ ಒಯ್ಯುವ ಲಾರಿ ಶನಿವಾರ ಬರುತ್ತದೆ. ಭಾನುವಾರ ಪೂಜೆ.

ಫೆಬ್ರವರಿ ೧೯, ಬುಧವಾರ

ಹೇಳಿದೆ.

ಧೈರ್ಯದಿಂದ ಹೇಳಲಿಲ್ಲ. ದೊಡ್ಡ ಸಿಸ್ಟರ್ ಮುಚ್ಚಿದ ಡಬ್ಬಿಗಳ ಮೇಲೆ ಕೈಯಾಡಿಸುತ್ತ, "ಇಷ್ಟು ವರ್ಷ ಮಾಡಿ ಮಾಡಿ ಕಳಿಸಿದೆ, ಯಾರ ಬಾಯಿಗೆ ಹೋಯ್ತೋ ಗೊತ್ತಿಲ್ಲ. ಈ ಸಲ ನನ್ನ ಕೈಯಾರೆ ಪೋಪ್ ಕೈಗೆ ಕೊಡ್ತೀನಿ. ಮೇಲಿರೋನು ನನ್ನ ಮರೆತಿಲ್ಲ ನೋಡು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ಗೋಡೆಗೆ ಹೇಳಿದೆ.

"ಅದರಲ್ಲಿ ಮೆಕ್ಕೆಜೋಳದ ಹಿಟ್ಟಿದೆ ಸಿಸ್ಟರ್."

"ಏನಂದೆ? ಜೋರಾಗಿ ಹೇಳು."

ಜೋರಾಗಿ ಹೇಳಿದೆ. ಎಲ್ಲವನ್ನೂ ಹೇಳಿದೆ. ಹೊಸ ಮೂಟೆ, ಅಂಟಿದ್ದು, ಮದರ್ ಬಾಗಿಲು, ಬಟ್ಟಲು.

"ಯಾವ ಡಬ್ಬಿ?"

"ಗೊತ್ತಿಲ್ಲ. ಮುಂಚೆ ತೆಗೆದ ಹಾಳೆಗಳನ್ನೂ ಒಟ್ಟಿಗೇ ಕತ್ತರಿಸಿ ಒಂದೇ ಜರಡಿಗೆ ಸುರಿದೆ."

ದೊಡ್ಡ ಸಿಸ್ಟರ್ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು. ಬೈಯುತ್ತಾರೆ ಎಂದು ಕಾದೆ. ಹೊಡೆದರೂ ಚೆನ್ನಾಗಿರುತ್ತಿತ್ತು. ಅವರು ತಮ್ಮ ಹಳೆಯ ಚಪ್ಪಲಿಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಎದ್ದು, ನಾನು ತೆರೆದ ಆ ಮೂಟೆಯನ್ನು ಕಾಲಿನಿಂದ ಆಚೆ ನೂಕಿದರು.

"ಬೇರೆ ಮೂಟೆ ಬಿಚ್ಚು. ಕಾವಲಿ ಕಾಯಿಸು."

"ಇವು ಸಿಸ್ಟರ್?"

"ಕೋಳಿಗಳಿಗೆ ಹಾಕು. ಅವು ಯಾವ ಹಿಟ್ಟು ಅಂತ ಕೇಳಲ್ಲ."

ಕೋಳಿಗೂಡಿನ ಮುಂದೆ ಡಬ್ಬಿ ಒಂದೊಂದಾಗಿ ಸುರಿದೆ. ಕನ್ನಡಿಯಂಥ ಬಿಲ್ಲೆಗಳು. ಕೋಳಿಗಳು ಸಂಭ್ರಮದಿಂದ ತಿಂದವು. ಎಲ್ಲರಿಗೂ ಸಂಭ್ರಮವೇ.

ಫೆಬ್ರವರಿ ೨೦, ಗುರುವಾರ

ಮದರ್ ಬಿಲ್ಲೆ ಕೋಣೆಗೆ ಬಂದರು. ಕೋಳಿಗಳು ಗುಟ್ಟು ಬಿಟ್ಟುಕೊಟ್ಟವು. ಅಂಗಳದ ತುಂಬ ಬಿಳಿ ಬಿಲ್ಲೆ ಕಂಡರೆ ಯಾರು ತಾನೇ ಕೇಳುವುದಿಲ್ಲ? ನಾನು ತೇವದ ಕೋಣೆಯಲ್ಲಿದ್ದೆ. ದೊಡ್ಡ ಸಿಸ್ಟರ್ ಹೇಳಿದ್ದು ಕೇಳಿಸಿತು.

"ಹಿಟ್ಟು ಕೆಟ್ಟಿತ್ತು ಮದರ್. ಬೇರೆಯದು ಬೆರೆತುಹೋಯ್ತು. ತಪ್ಪು ನನ್ನದು."

"ಯಾರು ಬೆರೆಸಿದ್ದು?"

"ಕೋಣೆ ನನ್ನದು. ಮತ್ತೆ ಯಾರನ್ನ ಕೇಳ್ತೀರಿ?"

ಮದರ್, ಇಂಥ ಅಜಾಗರೂಕತೆ ಆದ ಮೇಲೆ ತಟ್ಟೆ ಹಿಡಿಯಲು ಬೇರೆ ಸಿಸ್ಟರ್‌ನ ಕಳಿಸುವುದೇ ಸರಿ ಎಂದರು. ದೊಡ್ಡ ಸಿಸ್ಟರ್, "ಸರಿ ಮದರ್" ಎಂದರು, ನಾನು ಹೇಳುವ ಹಾಗೆ.

ನನ್ನ ಕೈಯಲ್ಲಿ ಹಾಳೆಗಳ ಹಲಗೆ ಇತ್ತು. ಹಾಗೇ ನಿಂತಿದ್ದೆ. ಮದರ್ ಹೊರಟುಹೋದರು. ಹಲಗೆ ಕೆಳಗಿಟ್ಟು ಹಿಂದೆ ಓಡಿದೆ. ಅವರ ಕೋಣೆಯ ಬಾಗಿಲು ಹಾಕಿತ್ತು. ತಟ್ಟಿದೆ. ಒಳಗೆ ಹೋಗಿ ನಾನೇ ಮಾಡಿದ್ದು ಎಂದೆ, ಸಿಸ್ಟರ್ ಅವತ್ತು ಇರಲೇ ಇಲ್ಲ, ಬೇಕಾದರೆ ಬಿಷಪ್ ಮನೆಯಲ್ಲಿ ಕೇಳಿ ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಮದರ್ ಎದ್ದು ಕಿಟಕಿ ಮುಚ್ಚಿದರು.

"ಕೋಣೆ ಅವರದು. ಹೊಣೆಯೂ ಅವರದೇ. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು" ಎಂದರು. ಮನಸ್ಸು ಬದಲಾಯಿಸಲಿಲ್ಲ. ಬಾಗಿಲ ತನಕ ಬಂದು, "ಆವತ್ತು ಇದೇ ಬಾಗಿಲು ತಟ್ಟಿದ್ರೆ ಆಗ್ತಿತ್ತಲ್ಲ ಮಗಳೇ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ನನ್ನ ಮಾತಿನಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಇಬ್ಬರಿಂದ ಆಗುವ ಕೆಲಸ ಅಲ್ಲ. ದೊಡ್ಡ ಸಿಸ್ಟರ್ ಕಾಲು ಊದಿಕೊಂಡಿದೆ. ನಿನ್ನೆ ಸಂಜೆ ಪ್ರಾರ್ಥನೆ ಮುಗಿದು ಜನ ಏಳುವಾಗ ನಾನು ಫಾದರ್ ಹತ್ತಿರ ಹೋಗಿ ಮೈಕ್ ಕೇಳಿದೆ. ಅವರಿಗೆ ಆಶ್ಚರ್ಯವಾಗಿ ಕೊಟ್ಟುಬಿಟ್ಟರು. ಬಿಲ್ಲೆ ಕಡಿಮೆ ಬಿದ್ದಿದೆ, ಕತ್ತರಿಸಲು ಕೈ ಬೇಕು, ಬರುವವರು ಕೈ ತೊಳೆದು ತಲೆಗೆ ಬಟ್ಟೆ ಕಟ್ಟಿಕೊಂಡು ಬನ್ನಿ ಎಂದೆ. ಯಾಕೆ ಕಡಿಮೆ ಬಿತ್ತು ಎಂದು ಹೇಳಲಿಲ್ಲ. ಮೈಕ್ ಹಿಡಿದೂ ಅರ್ಧವನ್ನೇ ಹೇಳಿದೆ. ಅಷ್ಟೇ ನನ್ನ ಯೋಗ್ಯತೆ.

ಇವತ್ತು ಬೆಳಗಿನಿಂದ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ದರ್ಜಿ ಅಕ್ಕ ಬಾವುಟ ಬಿಟ್ಟು ಬಂದಿದ್ದಾಳೆ. ಹೆಂಗಸರು ಹಾಡುತ್ತ ಕತ್ತರಿಸುತ್ತಾರೆ, ಹಾಡಿನ ತಾಳಕ್ಕೆ ಕತ್ತರಿಯ ಹಿಡಿ ಒತ್ತುತ್ತಾರೆ. ನಾನು ಕಾವಲಿಯ ಹತ್ತಿರ ನಿಂತು, ನೀವು ತೇವದ ಕೋಣೆಗೆ, ನೀವು ಜರಡಿಗೆ, ಅದು ಇನ್ನೂ ಗರಿಗರಿ ಇದೆ ಮುಟ್ಟಬೇಡಿ ಎಂದು ಕೂಗುತ್ತಿದ್ದೆ. ಸದ್ದಿನಲ್ಲಿ ಕೂಗದಿದ್ದರೆ ಕೇಳುವುದಿಲ್ಲ.

"ಅಬ್ಬಬ್ಬಾ, ಪಿಸುಮಾತಿಗೆ ಪೋಪ್ ಬರೋ ಮುಂಚೆಯೇ ಪವಾಡ ಆಗಿದೆ" ಎಂದು ದರ್ಜಿ ಅಕ್ಕ ಛೇಡಿಸಿದಳು.

ಹೋಗುವಾಗ ಒಬ್ಬ ಮುದುಕಿ ನನ್ನ ಹಿಟ್ಟು ಮೆತ್ತಿದ ಕೈಗೆ ಮುತ್ತಿಟ್ಟು, "ನಿನ್ನಿಂದ ನಮಗೂ ಪುಣ್ಯ ಸಿಕ್ಕಿತು ಮಗಳೇ" ಎಂದಳು. ಕೈ ಎಳೆದುಕೊಳ್ಳುವುದರೊಳಗೆ ಮುತ್ತಿಟ್ಟಾಗಿತ್ತು. ಆ ಕೈಯಲ್ಲಿ ಊಟ ಸೇರಲಿಲ್ಲ.

ಫೆಬ್ರವರಿ ೨೨, ಶನಿವಾರ

ಲಾರಿ ಬಂತು. ಕಳಿಸಬೇಕಾದಷ್ಟು ಆಗಿಲ್ಲ. ಆದಷ್ಟು ಕಳಿಸಿದೆವು. ದೊಡ್ಡ ಸಿಸ್ಟರ್‌ಗೆ ನೆಲಕ್ಕೆ ಕಾಲೂರಲು ಆಗುತ್ತಿಲ್ಲ. ನಾಳೆ ಮೈದಾನಕ್ಕೂ ಬರುವುದಿಲ್ಲವಂತೆ. "ರೇಡಿಯೋದಲ್ಲಿ ಕೇಳ್ತೀನಿ, ಅದರಲ್ಲಿ ಚಪ್ಪಲಿ ಸದ್ದು ಕೇಳಲ್ಲ" ಎಂದು ನಕ್ಕರು.

ನಾನೂ ನಿಮ್ಮ ಜೊತೆ ಇರುತ್ತೇನೆ ಎಂದೆ. "ಅಜ್ಜಿಯ ಕೈ ಯಾರು ಹಿಡೀತಾರೆ? ಪಶ್ಚಾತ್ತಾಪ ಪಡೋದಾದ್ರೆ ನಡ್ಕೊಂಡು ಪಡು" ಎಂದು ಕಳಿಸಿದರು.

ಫೆಬ್ರವರಿ ೨೪, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಮನೆ ಸೇರುವಾಗ ತಡವಾಗಿತ್ತು.

ಮೈದಾನದಲ್ಲಿ ಅಷ್ಟು ಜನರನ್ನು ನಾನು ಕನಸಿನಲ್ಲೂ ಕಂಡಿಲ್ಲ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ, ಮುದುಕರು ಮಡಿಸುವ ಕುರ್ಚಿಗಳ ಮೇಲೆ. ಗುರುತು ಪರಿಚಯ ಇಲ್ಲದವರು ನೀರಿನ ಬಾಟಲಿ ಹಂಚಿಕೊಂಡರು. ದರ್ಜಿ ಅಕ್ಕನ ಬಾವುಟಗಳು ಎಲ್ಲಿ ನೋಡಿದರಲ್ಲಿ. ಪೋಪ್ ಗಾಡಿ ಒಳಗೆ ಬಂದಾಗ ಎದ್ದ ಕೂಗು ನನ್ನ ಕಾಲಿನಿಂದ ಹತ್ತಿ ಎದೆಗೆ ಬಂತು. ನಮಗೆ ಕಂಡದ್ದು ದೂರದಲ್ಲಿ ಒಂದು ಬಿಳಿ ಚುಕ್ಕೆ.

"ಕಾಣ್ತಾ ಅಜ್ಜಿ?"

"ಕಾಣದೇ ಏನು! ನನ್ನ ಕಡೆಗೇ ಕೈ ಬೀಸಿದ್ರು" ಎಂದು ಅಜ್ಜಿ ಬೇರೆ ದಿಕ್ಕಿಗೆ ಕೈ ಬೀಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಸುತ್ತ ಎಲ್ಲರೂ ಅಳುತ್ತ ನಗುತ್ತಿದ್ದರು. ನನಗೆ ಆ ಸಂತೋಷ ಗಾಜಿನ ಆಚೆ ಇದ್ದ ಹಾಗಿತ್ತು.

ಕಾಣಿಕೆಯ ಮೆರವಣಿಗೆಯನ್ನು ದೊಡ್ಡ ಪರದೆಯಲ್ಲಿ ತೋರಿಸಿದರು. ಬೇರೆ ಸಿಸ್ಟರ್ ತಟ್ಟೆ ಹಿಡಿದು ಹೋದರು. ನಾನು ನೋಡಲಿಲ್ಲ. ಅಜ್ಜಿಯ ಶಾಲು ಸರಿಮಾಡಿದೆ.

ಪ್ರಸಾದಕ್ಕೆ ಸಾಲು ನಿಂತೆವು. ಪಾಪನಿವೇದನೆಯಲ್ಲಿ ಸುಳ್ಳು ಹೇಳಿದ ನಾನು ತೆಗೆದುಕೊಳ್ಳುವ ಹಾಗಿರಲಿಲ್ಲ, ಅಜ್ಜಿಯ ತೋಳು ಹಿಡಿದು ಅವಳ ಹಿಂದೆ ನಿಂತಿದ್ದೆ. ನಮ್ಮ ಸಾಲಿನಲ್ಲಿ ಕೊಡುತ್ತಿದ್ದ ಗುರುಗಳು ಮೊದಲು ಪೂರ್ತಿ ಕೊಡುತ್ತಿದ್ದರು. ಆಮೇಲೆ ಅರ್ಧ ಮುರಿದರು. ಮತ್ತೆ ಅರ್ಧದಲ್ಲಿ ಅರ್ಧ. ಯಾಕೆಂದು ನನಗೊಬ್ಬಳಿಗೆ ಗೊತ್ತಿತ್ತು. ಅಜ್ಜಿಯ ನಾಲಿಗೆಯ ಮೇಲೆ ಕಾಲು ಬಿಲ್ಲೆ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡು ಅಮ್ಮನ ಹೆಸರು ಹೇಳಿದಳು. ಅವಳು ಹಾಗೆ ಹೇಳಿದ್ದು ಕೇಳಿ ಎಷ್ಟೋ ವರ್ಷವಾಗಿತ್ತು.

ಗುರುಗಳ ಕೈಯಲ್ಲಿ ಇನ್ನೊಂದೇ ಚೂರು ಉಳಿದಿತ್ತು. ನನ್ನ ಕಡೆ ಚಾಚಿದರು. ತಲೆಯಾಡಿಸಿ ಪಕ್ಕಕ್ಕೆ ಸರಿದೆ. ನನ್ನ ಹಿಂದಿನವರಿಗೆ ಅದು ಸಿಕ್ಕಿತು. ಅವರ ಹಿಂದೆ ಇನ್ನೂ ಉದ್ದ ಸಾಲಿತ್ತು. ಎಲ್ಲೋ ದೂರದಿಂದ ಬಸ್ಸಿನಲ್ಲಿ ಬಂದವರು, ಬಟ್ಟೆಯೆಲ್ಲ ಧೂಳು. ಗುರುಗಳು ಖಾಲಿ ಪಾತ್ರೆ ತೋರಿಸಿ, "ಕ್ಷಮಿಸಿ, ಅಂದಾಜು ತಪ್ಪಿರಬೇಕು" ಎಂದು ಹೇಳಿ ಹೋದರು. ಬೇರೆ ಸಾಲುಗಳಲ್ಲೂ ಪ್ರಸಾದ ಮುಗಿದಿತ್ತು.

"ಯಾರು ಅಂದಾಜು ಮಾಡಿದ್ದು? ಇಷ್ಟು ದೂರದಿಂದ ಬಂದಿದ್ದೀವಿ" ಎಂದು ಜನ ಗುಜುಗುಜು ಅಂದರು.

"ಅಂದಾಜು ತಪ್ಪಿಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದೆ, ಬಿಲ್ಲೆ ಕೋಣೆಯಲ್ಲಿ ಕೂಗಿದ ಹಾಗೆ. "ತಪ್ಪು ನನ್ನದು. ನಾನು ಬಿಲ್ಲೆ ಮಾಡೋಳು. ಹಿಟ್ಟಿಗೆ ಬೇರೆ ಹಿಟ್ಟು ಬೆರೆಸಿದೆ, ಎಲ್ಲವನ್ನೂ ಚೆಲ್ಲಬೇಕಾಯ್ತು. ನಿಮಗೆ ಸಿಗದೇ ಇರೋದು ನನ್ನಿಂದ."

ಅಜ್ಜಿ ತಿರುಗಿ ನನ್ನನ್ನೇ ನೋಡಿದಳು. ಅವಳಿಗೂ ಗೊತ್ತಾದದ್ದು ಆಗಲೇ.

ಸಾಲಿನಲ್ಲಿದ್ದ ಒಬ್ಬ ದಪ್ಪ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಅಷ್ಟೇನಾ? ನಮ್ಮ ಬಸ್ಸಿನವನು ದಾರಿ ತಪ್ಪಿ ಒಂದೇ ಸೇತುವೇನ ಎರಡು ಸಲ ದಾಟಿಸಿದ. ಅವನನ್ನೇ ಕ್ಷಮಿಸಿದ್ದೀವಿ, ನೀನು ಯಾವ ಲೆಕ್ಕ?" ಎಂದಳು. ಸುತ್ತ ಇದ್ದವರು ನಕ್ಕರು. "ಪೋಪ್‌ನ ನೋಡಿದೆವಲ್ಲ, ಬಿಡಮ್ಮ" ಎಂದು ಯಾರೋ ಬೆನ್ನು ತಟ್ಟಿದರು. ಎಲ್ಲರೂ ಹಾಡು ಶುರುಮಾಡಿದರು.

ಒಬ್ಬ ವಯಸ್ಸಾದವರು ನಗಲಿಲ್ಲ. ಪ್ರಸಾದಕ್ಕೆಂದು ಒಂದರ ಮೇಲೊಂದು ಇಟ್ಟ ಅಂಗೈಗಳನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. ಆಮೇಲೆ ಆ ಖಾಲಿ ಕೈಗಳನ್ನು ಕೋಟಿನ ಜೇಬಿಗೆ ಹಾಕಿ ನಡೆದುಹೋದರು. ಅವರನ್ನು ಹಿಂಬಾಲಿಸಿದೆ. ಜನಜಂಗುಳಿಯಲ್ಲಿ ಸಿಗಲಿಲ್ಲ.

ಬಸ್ಸಿ‌ನಲ್ಲಿ ಅಜ್ಜಿ ಶಾಲನ್ನು ತಲೆಗೆ ಎಳೆದುಕೊಂಡು ಕೂತಳು. ಆಮೇಲೆ, "ನನಗೆ ಸಿಕ್ಕಿದ್ದು ಹೊಸ ಹಿಟ್ಟಿಂದೇ ತಾನೇ?" ಎಂದಳು.

"ಗೋಧಿ, ನೀರು ಅಜ್ಜಿ. ಬೇರೇನೂ ಇಲ್ಲ."

"ಹೇಳದೇ ಇದ್ದಿದ್ರೆ?"

ನಾನು ಅವಳಿಗೆ ಗಾಳಿ ತಾಗದಂತೆ ಕಿಟಕಿ ಎಳೆದೆ. ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಹೇಳದೇ ಇದ್ದಿದ್ದರೆ ಎಂಬುದು ದಾರಿಯುದ್ದಕ್ಕೂ ನನ್ನ ಜೊತೆ ಎಚ್ಚರವಾಗಿತ್ತು.

ಫೆಬ್ರವರಿ ೨೬, ಬುಧವಾರ

ದೊಡ್ಡ ಸಿಸ್ಟರ್ ಕಾಲನ್ನು ಮಣೆಯ ಮೇಲೆ ಇಟ್ಟುಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳು ಎಂದರು. ಗಾಡಿ ಬಂದದ್ದು, ಕೂಗು ಎದ್ದದ್ದು, ಅಜ್ಜಿ ತಪ್ಪು ದಿಕ್ಕಿಗೆ ಕೈ ಬೀಸಿದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಊಟದ ಗಂಟೆ ಹೊಡೆದದ್ದೂ ಗೊತ್ತಾಗಲಿಲ್ಲ. ಅವರ ಸಮಯ ಹಾಳುಮಾಡಿದೆ.

"ಅಜ್ಜಿಗೆ ಎಷ್ಟು ಸಿಕ್ಕಿತು?"

"ಕಾಲು."

"ಕಾಲು ಅನ್ನೋದು ನಮ್ಮ ಕತ್ತರಿಯ ಮಾತು. ಪ್ರಸಾದದಲ್ಲಿ ಚೂರಿಗೂ ಪೂರ್ತಿಗೂ ವ್ಯತ್ಯಾಸ ಇಲ್ಲ. ಚೂರಲ್ಲೂ ಅವನು ಪೂರ್ತಿಯಾಗೇ ಇರ್ತಾನೆ."

"ಏನೂ ಸಿಗದೇ ಹೋದವರಿಗೆ ಸಿಸ್ಟರ್?"

ಅವರು ಊದಿದ ಕಾಲನ್ನು ಉಜ್ಜಿಕೊಂಡರು. ಆ ವಯಸ್ಸಾದವರ ಖಾಲಿ ಕೈಗಳ ವಿಷಯ ಹೇಳಿದೆ. ಕಾಲನ್ನು ಮಣೆಯಿಂದ ಇಳಿಸಿ ಮತ್ತೆ ಮೇಲಿಟ್ಟರು. ಎಲ್ಲದಕ್ಕೂ ಅವರ ಹತ್ತಿರ ಉತ್ತರವಿದೆ ಅಂದುಕೊಂಡಿದ್ದೆ. ಶನಿವಾರ ಪಾಪನಿವೇದನೆಗೆ ಹೋಗಬೇಕು. ಕೋಪದ ಸುಳ್ಳಿನಿಂದಲೇ ಶುರುಮಾಡಬೇಕು.

ಫೆಬ್ರವರಿ ೨೮, ಶುಕ್ರವಾರ

ಭಾನುವಾರದ ಪೂಜೆಗಳಿಗೆ ಬಿಲ್ಲೆ ಬೇಕು. ದೊಡ್ಡ ಸಿಸ್ಟರ್ ಬಕೆಟ್ಟು ನನ್ನ ಮುಂದೆ ಇಟ್ಟು ಕೋಲೂರಿಕೊಂಡು ಬಾಗಿಲ ಕಡೆ ಹೊರಟರು.

"ಇಲ್ಲೇ ಕೂತಿರಿ ಸಿಸ್ಟರ್. ನನಗೆ ನನ್ನ ಮೇಲೆ ನಂಬಿಕೆ ಇಲ್ಲ" ಎಂದೆ.

"ನನಗಿದೆ ಅಂತ ಯಾರು ಹೇಳಿದ್ರು? ಕಾಲು ನೋಯ್ತಿದೆ, ಮಲಗ್ತೀನಿ" ಎಂದು ಹೋದರು.

ಕಲಸಿದೆ. ಹೊಯ್ದೆ. ಮೊದಲನೆಯ ಹಾಳೆ ಎದ್ದು ಬಂತು. ಎರಡನೆಯದೂ ಬಂತು. ಆಮೇಲಿನದು ಅಂಟಿತು. ಬಾಗಿಲಿಗೆ ಓಡಿ ಹೋಗಿ ಅವರನ್ನು ಕೂಗಿದೆ. ಅಂಗಳದ ಕೋಳಿಗಳೆಲ್ಲ ಬೆದರಿ ಎದ್ದವು.

ದೊಡ್ಡ ಸಿಸ್ಟರ್ ಕೂದಲು ಕೆದರಿಕೊಂಡು, ಎಡದ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಬಂದರು. "ಸತ್ತವರೂ ಎದ್ದು ಬರ್ತಾರೆ, ಹಾಗೆ ಕೂಗ್ತೀಯಲ್ಲೇ! ಮನೆಗೆ ಬೆಂಕಿ ಬಿತ್ತು ಅಂದ್ಕೊಂಡೆ" ಎಂದು ಬೈಯುತ್ತ ಕಾವಲಿಯ ಮುಂದೆ ಕೂತರು.

ಪಾಪ, ಊದಿದ ಕಾಲಿನವರ ನಿದ್ದೆ ಕೆಡಿಸಿದೆ. ನಾಳೆ ಪಾಪನಿವೇದನೆಯಲ್ಲಿ ಇದನ್ನೂ ಹೇಳಿಬಿಡಬೇಕು.